ಭೂಕಂಪಕ್ಕೆ ನಿಲ್ಲುವ ಮನೆ: ಗೋಡೆ ಮನೆಯೋ, ಪಿಲ್ಲರ್ ಮನೆಯೋ, ಇನ್ನೇನಾದರೂ ಇದೆಯೋ?

ಮನೆ ಕಟ್ಟಿಸಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಪಿಲ್ಲರ್ ಹಾಕಿಸಿದರೆ ಭೂಕಂಪದ ಭಯ ಇಲ್ಲ ಅಲ್ವಾ?" ಭಯ ಇದೆ. ಆ ಪಿಲ್ಲರಿನೊಳಗೆ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗು ಹೇಗೆ ಕಟ್ಟಿದ್ದಾರೆ, ಗೋಡೆಗೂ ಪಿಲ್ಲರಿಗೂ ಹಿಡಿತ ಎಷ್ಟಿದೆ, ಕೆಳಗೆ ಕಾರು ನಿಲ್ಲಿಸಲು ಎಷ್ಟು ಗೋಡೆ ತೆಗೆದಿದ್ದಾರೆ, ಇವನ್ನೆಲ್ಲ ನೋಡದೆ ನಾನು ಯಾರಿಗೂ ಧೈರ್ಯ ಹೇಳುವುದಿಲ್ಲ.

ನಾನು ಕಲಬುರಗಿ ಕಡೆಯವನು. 1993ರ ಸೆಪ್ಟೆಂಬರ್ 30ರಂದು, ಬೆಳಗಿನ ಜಾವ ನಾಲ್ಕಕ್ಕೆ ಇನ್ನೇನು ಕೆಲವು ನಿಮಿಷ ಇರುವಾಗ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ನಮ್ಮ ಕಡೆಯೂ ಮಂಚ ಅಲ್ಲಾಡಿತು. ಗಡಿಯಾಚೆ ಸುಮಾರು 10,000 ಜನ ಸತ್ತರು. ಆ ಭೂಕಂಪದ ಪ್ರಮಾಣ 6.2. ದೊಡ್ಡದೇ, ಆದರೆ ಜಪಾನಿನಲ್ಲೋ ಚಿಲಿಯಲ್ಲೋ ಅಷ್ಟಕ್ಕೆ ಇಷ್ಟು ಜನ ಸಾಯುವುದಿಲ್ಲ. ದೇಶದ ಭೂಕಂಪ ವಲಯಗಳ ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ವಲಯ 1ರಲ್ಲಿ. ಆ ವಲಯವನ್ನೇ 2002ರಲ್ಲಿ ತೆಗೆದುಹಾಕಿ, ವಲಯ 2ಕ್ಕೆ ಸೇರಿಸಿದರು.

ಭೂಕಂಪ ವಲಯಗಳನ್ನು ಹೇಳುವ ಭಾರತೀಯ ಮಾನಕ, 2016ರ ಐಎಸ್ 1893 ಪ್ರಕಾರ ಬೆಂಗಳೂರು, ಮೈಸೂರು, ಕಲಬುರಗಿ ವಲಯ 2ರಲ್ಲಿವೆ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ, ಮಂಗಳೂರು ವಲಯ 3ರಲ್ಲಿವೆ. "ನಮ್ಮದು ಎರಡು, ಬಿಡಿ" ಅನ್ನುವವರಿಗೆ ನಾನು ಕಿಲ್ಲಾರಿಯ ಕಥೆ ಹೇಳುತ್ತೇನೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಜನ ಮನೆ ಬಿಟ್ಟು ಹೊರಗೆ ಮಲಗಿದ್ದನ್ನೂ ನೆನಪಿಸುತ್ತೇನೆ.

ಹಾಗಾದರೆ ಯಾವ ಥರದ ಮನೆ? ಒಂದೊಂದಾಗಿ ನೋಡೋಣ. ಅದಕ್ಕೆ ಮುಂಚೆ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು.

ಪರೀಕ್ಷೆ ಮಾಡಿದ್ದೇವೆ ಅಂತ ಹೇಳಿದರೆ ಏನು ಕೇಳಬೇಕು

ಇಟ್ಟಿಗೆ ಮಾರುವವರು, ಕಂಬಿ ಮಾರುವವರು, ರೆಡಿಮೇಡ್ ಗೋಡೆ ಮಾರುವವರು ಎಲ್ಲರೂ "ನಮ್ಮದು ಭೂಕಂಪ ಪರೀಕ್ಷೆ ಪಾಸಾಗಿದೆ" ಅನ್ನುತ್ತಾರೆ. ಕೆಲವರು "8ರ ಪ್ರಮಾಣದ ಭೂಕಂಪ ತಡೆಯುತ್ತದೆ" ಅಂತಲೂ ಬರೆಯುತ್ತಾರೆ. ಈ ಮಾತಿಗೆ ಅರ್ಥವೇ ಇಲ್ಲ. ಪ್ರಮಾಣ ಅನ್ನುವುದು ಭೂಮಿಯೊಳಗೆ ಬಿಡುಗಡೆಯಾದ ಶಕ್ತಿಯ ಲೆಕ್ಕ. ನಿಮ್ಮ ಮನೆಗೆ ತಾಕುವುದು ನಿಮ್ಮ ಸೈಟಿನ ನೆಲ ಎಷ್ಟು ಜೋರಾಗಿ, ಎಷ್ಟು ಹೊತ್ತು, ಯಾವ ಲಯದಲ್ಲಿ ಅಲ್ಲಾಡಿತು ಅನ್ನುವುದು. 1985ರಲ್ಲಿ ಮೆಕ್ಸಿಕೋ ನಗರ ಭೂಕಂಪದ ಕೇಂದ್ರದಿಂದ 350 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿತ್ತು. ಆದರೂ ಹಳೆಯ ಕೆರೆಯ ಮೆತ್ತನೆ ಮಣ್ಣು ಸುಮಾರು ಎರಡು ಸೆಕೆಂಡಿಗೆ ಒಂದು ಸಲದಂತೆ ತೂಗಿತು, ಅದೇ ಲಯದಲ್ಲಿ ತೂಗುವ ಎತ್ತರದ ಕಟ್ಟಡಗಳನ್ನೇ ಆರಿಸಿ ಆರಿಸಿ ಕೆಡವಿದ ಹಾಗೆ ಕೆಡವಿತು. ಕೆರೆ ಮುಚ್ಚಿ ಬಡಾವಣೆ ಮಾಡಿದ ನಮ್ಮ ಊರುಗಳಲ್ಲಿ ಇದನ್ನು ಯಾರೂ ಮರೆಯಬಾರದು.

ಪರೀಕ್ಷೆಗಳಲ್ಲೂ ಬೇರೆ ಬೇರೆ ಥರ ಇವೆ. ಎಲ್ಲಕ್ಕಿಂತ ನಂಬಿಕೆ ಬರುವುದು ಶೇಕ್ ಟೇಬಲ್. ಅಂದರೆ ಹೈಡ್ರಾಲಿಕ್ ಜಾಕುಗಳ ಮೇಲೆ ಕೂತ ಒಂದು ಹಾಸು. ಅದರ ಮೇಲೆ ಕಟ್ಟಡ ಕಟ್ಟಿ, ನಿಜವಾದ ಭೂಕಂಪದ ದಾಖಲೆಯನ್ನೇ ಕೊಟ್ಟು ಅಲ್ಲಾಡಿಸುತ್ತಾರೆ. ಜಪಾನಿನ ಮಿಕಿ ಎಂಬ ಊರಿನಲ್ಲಿರುವ ಇ-ಡಿಫೆನ್ಸ್ ಮೇಜು 20 ಮೀಟರ್ ಉದ್ದ, 15 ಮೀಟರ್ ಅಗಲ. 1,200 ಟನ್ ಹೊರುತ್ತದೆ. 1995ರ ಕೋಬೆ ಭೂಕಂಪದಲ್ಲಿ 6,400ಕ್ಕೂ ಜಾಸ್ತಿ ಜನ ಸತ್ತ ಮೇಲೆ ಕಟ್ಟಿದ್ದು ಇದು, ಪರೀಕ್ಷೆಗಳು ಶುರುವಾಗಿದ್ದು 2005ರಲ್ಲಿ. ಅದೇ ವರ್ಷ ಹಳೆಯ ಎರಡು ಮರದ ಮನೆಗಳನ್ನು ಅಕ್ಕಪಕ್ಕ ಇಟ್ಟು, ಒಂದನ್ನು ಬಲಪಡಿಸಿ, ಇನ್ನೊಂದನ್ನು ಇದ್ದ ಹಾಗೇ ಬಿಟ್ಟು, ಕೋಬೆಯ ಕಂಪನವನ್ನು ಎರಡಕ್ಕೂ ಒಟ್ಟಿಗೆ ಕೊಟ್ಟರು. ಬಲಪಡಿಸದ ಮನೆ ನೆಲಕ್ಕೆ ಮಲಗಿತು. ಪಕ್ಕದ್ದು ನಿಂತಿತ್ತು. ಭೂಕಂಪದ ಬಗ್ಗೆ ಒಂದು ಗಂಟೆ ಭಾಷಣ ಮಾಡುವುದಕ್ಕಿಂತ ಆ ದೃಶ್ಯ ತೋರಿಸಿದರೆ ಜನರಿಗೆ ಬೇಗ ನಾಟುತ್ತದೆ.

ನಮ್ಮ ಬೆಂಗಳೂರಿನಲ್ಲೂ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಮೂರೂ ದಿಕ್ಕಿಗೆ ಅಲ್ಲಾಡಿಸುವ ಮೇಜು ಇದೆ. ಅದು ಚಿಕ್ಕದು. ಪೂರ್ತಿ ಮನೆ ಹಿಡಿಸುವುದಿಲ್ಲ, ಹಾಗಾಗಿ ಮಾದರಿ ಕಟ್ಟಿ ಪರೀಕ್ಷಿಸಬೇಕು. ಮಾದರಿ ಅರ್ಧ ಅಳತೆಯದ್ದಾದರೆ ಅದರ ತೂಕವೂ ಲಯವೂ ಬದಲಾಗುತ್ತವೆ. ಅದನ್ನು ಸರಿದೂಗಿಸಲು ಮೇಲೆ ಭಾರ ಹೇರಬೇಕು. ಹೇರಿದ್ದಾರಾ ಅಂತ ಕೇಳಿ.

ಇನ್ನೊಂದು ದಾರಿ, ಗೋಡೆಯನ್ನೋ ಚೌಕಟ್ಟನ್ನೋ ಜಾಕಿನಿಂದ ನಿಧಾನವಾಗಿ ಆ ಕಡೆ ಈ ಕಡೆ ತಳ್ಳುವುದು. ಇದರಲ್ಲಿ ಬಿರುಕು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಅಂತ ಹತ್ತಿರ ನಿಂತು ನೋಡಬಹುದು. ಪೂರ್ತಿ ಮನೆ ಒಟ್ಟಾಗಿ ಹೇಗೆ ವರ್ತಿಸುತ್ತದೆ ಅನ್ನುವುದು ಮಾತ್ರ ಇದರಲ್ಲಿ ಕಾಣುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಮೂರನೆಯದು. ಕಡಿಮೆ ದುಡ್ಡಿನಲ್ಲಿ ನಮ್ಮ ದೇಶದವರೇ ಕಂಡುಕೊಂಡ ಉಪಾಯ. ರೂರ್ಕಿಯಲ್ಲಿ ರೈಲ್ವೆ ವ್ಯಾಗನ್ನಿನ ಮೇಲೆ ಇಟ್ಟಿಗೆ ಮನೆ ಕಟ್ಟಿ, ಭಾರ ತುಂಬಿದ ಇನ್ನೊಂದು ವ್ಯಾಗನ್ ತಂದು ಡಿಕ್ಕಿ ಹೊಡೆಸುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ತೂಗುವ ಲೋಲಕದಿಂದ ಮೇಜಿಗೆ ಗುದ್ದಿಸಿ ಇಟ್ಟಿಗೆ ಮನೆಯ ಮಾದರಿಗಳನ್ನು ಪರೀಕ್ಷಿಸಿದರು. ಇದು ಭೂಕಂಪದ ನಕಲಲ್ಲ, ಬರೀ ಹೊಡೆತ. ಆದರೆ ಎರಡು ಮನೆಗಳಿಗೆ ಒಂದೇ ಹೊಡೆತ ಕೊಟ್ಟು ಯಾವುದು ಮೊದಲು ಒಡೆಯಿತು ಅಂತ ಹೋಲಿಸಲು ಇಷ್ಟು ಸಾಕು.

ಹಾಗಾಗಿ ಮಾರುವವರನ್ನು ಕೇಳಬೇಕಾದ್ದು ಇಷ್ಟು: ಯಾವ ಭೂಕಂಪದ ದಾಖಲೆ ಕೊಟ್ಟಿರಿ, ಪೂರ್ತಿ ಅಳತೆಯೋ ಮಾದರಿಯೋ, ಮೇಲೆ ಸ್ಲ್ಯಾಬಿನ ಭಾರ ಇತ್ತೋ ಇಲ್ಲವೋ, ಮತ್ತು ಬಾಗಿಲು ಕಿಟಕಿ ಇದ್ದ ಮನೆಯೋ ಬರೀ ಒಂದು ತುಂಡು ಗೋಡೆಯೋ. ಉತ್ತರ ಬರದಿದ್ದರೆ ಆ ಜಾಹೀರಾತನ್ನು ಬದಿಗಿಡಿ.

ಬರೀ ಗೋಡೆಯ ಮನೆ, ಪಟ್ಟಿ ಹಾಕಿದ್ದು

ಗೋಡೆಯೇ ಭಾರ ಹೊರುವ ಮನೆ ಅಂದ ತಕ್ಷಣ ಜನ ಮುಖ ತಿರುಗಿಸುತ್ತಾರೆ, ಅದು ಹಳೇ ಕಾಲದ್ದು ಅಂತ. ಕಿಲ್ಲಾರಿಯಲ್ಲಿ ಬಿದ್ದದ್ದು ಗೋಡೆ ಮನೆಗಳೇ, ನಿಜ. ಆದರೆ ಎಂಥವು? ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗಾರೆ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರು ಕಲ್ಲು ಮಣ್ಣು ತುಂಬಿದ್ದು. ಈ ಬದಿಯಿಂದ ಆ ಬದಿಗೆ ದಾಟುವ ಉದ್ದನೆಯ ಕಲ್ಲು ಇರಲಿಲ್ಲ. ಮೇಲೆ ಅಡಿಗಟ್ಟಲೆ ದಪ್ಪದ ಮಣ್ಣಿನ ಮಾಳಿಗೆ. ನೆಲ ಅಲ್ಲಾಡಿದಾಗ ಗೋಡೆಯ ಎರಡು ಪದರಗಳು ಹೊಟ್ಟೆ ಬಿಟ್ಟು ಬೇರೆಯಾದವು, ಮಾಳಿಗೆಯ ಮಣ್ಣೆಲ್ಲ ಮಲಗಿದ್ದವರ ಮೇಲೆ ಸುರಿಯಿತು. ಭೂಕಂಪದ ಬಲ ತೂಕದ ಜೊತೆ ಏರುತ್ತದೆ. ತಲೆಯ ಮೇಲಿನ ಭಾರವೇ ಶತ್ರು.

ಇಟ್ಟಿಗೆ, ಸಿಮೆಂಟ್ ಗಾರೆ, ಕಾಂಕ್ರೀಟ್ ಸ್ಲ್ಯಾಬ್ ಇರುವ ಗೋಡೆ ಮನೆ ಬೇರೆಯೇ. ಅದಕ್ಕೆ ಬೇಕಾದ್ದು ಅಡ್ಡ ಪಟ್ಟಿ. ಪ್ಲಿಂತ್ ಮಟ್ಟದಲ್ಲಿ, ಅಂದರೆ ಅಡಿಪಾಯದ ಮೇಲೆ ಒಂದು, ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು ಕಿಟಕಿಗಳ ತಲೆಯ ಮೇಲೆ ಒಂದು, ಓರೆ ಚಾವಣಿಯಾದರೆ ಅದರ ಕೆಳಗೆ ಇನ್ನೊಂದು. 75 ಮಿಲಿಮೀಟರ್ ದಪ್ಪ, ಒಳಗೆ ಎರಡು ಕಂಬಿ, 150 ಮಿಲಿಮೀಟರಿಗೊಂದು ಕೊಂಡಿ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಹಾಕುತ್ತಾರಲ್ಲ, ಅದೇ ಕೆಲಸ ಇದರದ್ದು. ಹಳಿ ಇಲ್ಲದಿದ್ದರೆ ಕಟ್ಟಿಗೆಯ ತುಂಡುಗಳು ಒಂದೊಂದು ದಿಕ್ಕಿಗೆ ಹೋಗುತ್ತವೆ. ರೂರ್ಕಿಯ ವ್ಯಾಗನ್ ಪರೀಕ್ಷೆಗಳಲ್ಲಿ ಕಂಡಿದ್ದೂ ಇದೇ. ಪಟ್ಟಿ ಮತ್ತು ಮೂಲೆಯಲ್ಲಿ ನೆಟ್ಟಗೆ ಕಂಬಿ ಇರುವ ಮನೆ ಬಹಳ ಹೆಚ್ಚು ಹೊಡೆತ ತಡೆಯಿತು.

ಪಟ್ಟಿ ಮನೆಯ ಸುತ್ತ, ಒಳಗೋಡೆಗಳ ಮೇಲೂ, ಎಲ್ಲೂ ತುಂಡಾಗದೆ ಹೋಗಬೇಕು. ನಮ್ಮಲ್ಲಿ ಬಾಗಿಲು ಕಿಟಕಿಯ ಮೇಲೆ ಮಾತ್ರ ಲಿಂಟಲ್ ಹಾಕಿ ನಿಲ್ಲಿಸುತ್ತಾರೆ. ಅದು ಪಟ್ಟಿ ಅಲ್ಲ, ಬರೀ ಲಿಂಟಲ್. ಕಿಟಕಿಯ ವಿಚಾರದಲ್ಲೂ ಕೈ ಬಿಗಿ ಹಿಡಿಯಬೇಕು. ಐಎಸ್ 4326ರ ಅತಿ ಬಿಗಿಯಾದ ಮಿತಿ ಪ್ರಕಾರ ಒಂದಂತಸ್ತಿನ ಮನೆಯಾದರೆ ಗೋಡೆಯ ಉದ್ದದ ಅರ್ಧಕ್ಕಿಂತ ಜಾಸ್ತಿ ತೆರವು ಇರಬಾರದು, ಎರಡಂತಸ್ತಿಗೆ 42%, ಮೂರಕ್ಕೆ 33%. ಮೂಲೆಗೆ ಅಂಟಿಕೊಂಡು ಕಿಟಕಿ ಇಡಿಸಬೇಡಿ, ಎಷ್ಟೇ ಚೆನ್ನಾಗಿ ಕಂಡರೂ.

ಜಗದೀಶ್ ಅವರ ತಂಡ ತೋರಿಸಿದ ಇನ್ನೊಂದು ಉಪಾಯವೂ ಇದೆ. ಗೋಡೆಯ ಎರಡೂ ಮೈಗೆ ಒತ್ತಿಕೊಂಡಂತೆ ನೆಟ್ಟಗೆ ಕಂಬಿ ಇಟ್ಟು, ಗಾರೆಯ ಸಾಲುಗಳ ಮೂಲಕ ಅವೆರಡನ್ನೂ ತಂತಿಯಿಂದ ಕಟ್ಟುವುದು. ಅಲ್ಲಾಡುವಾಗ ಇಟ್ಟಿಗೆ ಬಿರುಕು ಬಿಟ್ಟರೂ ಗೋಡೆ ಹೊರಕ್ಕೆ ಉರುಳುವುದಿಲ್ಲ. ಖರ್ಚು ಕಡಿಮೆ, ಗೌಂಡಿಗೆ ಹೇಳಿಕೊಡುವುದೂ ಸುಲಭ. ಇದು ಇನ್ನೂ ಊರೂರಿಗೆ ಹೋಗಿಲ್ಲ ಅನ್ನುವುದು ನನಗೆ ನಿಜವಾದ ಬೇಸರ.

ಗೋಡೆ ಮೊದಲು, ಕಂಬ ಆಮೇಲೆ

ಇದು ನನ್ನ ಮೆಚ್ಚಿನ ದಾರಿ. ಕನ್ಫೈನ್ಡ್ ಮೇಸನ್ರಿ ಅನ್ನುತ್ತಾರೆ, ನಾನು ಕಟ್ಟು ಹಾಕಿದ ಗೋಡೆ ಅನ್ನುತ್ತೇನೆ. ನೋಡಲು ಪಿಲ್ಲರ್ ಮನೆಯ ಹಾಗೇ ಇರುತ್ತದೆ. ವ್ಯತ್ಯಾಸ ಕಟ್ಟುವ ಸರದಿಯಲ್ಲಿದೆ. ಮೊದಲು ಗೋಡೆ ಏಳುತ್ತದೆ, ಅಂಚಿನಲ್ಲಿ ಇಟ್ಟಿಗೆಯನ್ನು ಹಲ್ಲು ಹಲ್ಲಾಗಿ ಬಿಡುತ್ತಾರೆ. ಆಮೇಲೆ ಆ ಹಲ್ಲುಗಳ ನಡುವೆ ಸಣ್ಣ ಕಂಬ ಸುರಿಯುತ್ತಾರೆ. ಕಾಂಕ್ರೀಟು ಇಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ. ಮೂಲೆಗೊಂದು, ಗೋಡೆ ಗೋಡೆ ಸೇರುವಲ್ಲೊಂದು, ದೊಡ್ಡ ಬಾಗಿಲು ಕಿಟಕಿಯ ಎರಡೂ ಬದಿ, ಸುಮಾರು ನಾಲ್ಕು ಮೀಟರಿಗೊಂದರಂತೆ ಕಂಬ ಬೇಕು.

ಮಾಮೂಲಿ ಪಿಲ್ಲರ್ ಮನೆಯಲ್ಲಿ ಚೌಕಟ್ಟು ಮೊದಲು, ಗೋಡೆ ಆಮೇಲೆ ತುಂಬುವುದು. ಬೀಮಿನ ಕೆಳಗೆ ಕೊನೆಯ ಸಾಲಿನಲ್ಲಿ ಸಂದಿ ಉಳಿಯುತ್ತದೆ, ಏನೋ ಒಂದಷ್ಟು ಗಾರೆ ತುರುಕುತ್ತಾರೆ. ಗೋಡೆ ಅಲ್ಲಿ ಅತಿಥಿ. ಕಟ್ಟು ಹಾಕಿದ ಗೋಡೆಯಲ್ಲಿ ಗೋಡೆಯೇ ಯಜಮಾನ, ಕಂಬ ಅದನ್ನು ಹಿಡಿದುಕೊಂಡಿರುತ್ತದೆ ಅಷ್ಟೇ.

ಇದಕ್ಕೆ ದೊಡ್ಡ ಪರೀಕ್ಷೆ ನಡೆದಿದ್ದು ಪ್ರಯೋಗಾಲಯದಲ್ಲಲ್ಲ, ಚಿಲಿಯಲ್ಲಿ. 2010ರ ಫೆಬ್ರುವರಿ 27ರಂದು ಅಲ್ಲಿ 8.8 ಪ್ರಮಾಣದ ಭೂಕಂಪವಾಯಿತು. ಈ ಥರ ಕಟ್ಟಿದ ಒಂದು, ಎರಡಂತಸ್ತಿನ ಮನೆಗಳು ಬಹುಪಾಲು ಚೆನ್ನಾಗಿ ನಿಂತವು. ಮೂರಂತಸ್ತಿನ ಒಂದೆರಡು ಕಟ್ಟಡ ಕುಸಿದವು. ಹಾಗಾಗಿ ಇದನ್ನೂ ಕಣ್ಣು ಮುಚ್ಚಿ ಕಟ್ಟುವ ಹಾಗಿಲ್ಲ, ಎರಡೂ ದಿಕ್ಕಿಗೆ ಸಾಕಷ್ಟು ಗೋಡೆ ಇರಲೇಬೇಕು. ನಮ್ಮ ದೇಶದಲ್ಲಿ ಗಾಂಧಿನಗರದ ಐಐಟಿ ತನ್ನ ಕ್ಯಾಂಪಸ್ಸಿನ ವಸತಿ ಕಟ್ಟಡಗಳನ್ನು ಇದೇ ಥರ ಕಟ್ಟಿಸಿದೆ.

ತೊಂದರೆ ಏನೆಂದರೆ ಮುಂದೆ ಗೋಡೆ ಒಡೆಯುವ ಹಾಗಿಲ್ಲ. ಹಾಲ್ ದೊಡ್ಡದು ಮಾಡೋಣ, ಕೆಳಗೆ ಅಂಗಡಿ ಮಾಡೋಣ ಅನ್ನುವ ಯೋಚನೆ ಇದ್ದವರಿಗೆ ಇದು ಬೇಡ.

ಪಿಲ್ಲರ್ ಮನೆ

ಬೆಂಗಳೂರಿನಲ್ಲಿ 30x40 ಸೈಟಿನಲ್ಲಿ ನಾಲ್ಕಂತಸ್ತು ಏರಿಸುವವರೆಲ್ಲ ಇದನ್ನೇ ಕಟ್ಟುವುದು. ಸರಿಯಾಗಿ ಕಟ್ಟಿದರೆ ಬಹಳ ಒಳ್ಳೆಯದು. ಸರಿಯಾಗಿ ಅನ್ನುವ ಒಂದು ಪದದಲ್ಲೇ ಎಲ್ಲ ಇದೆ.

ಮೊದಲನೆಯದು, ರಿಂಗು. ಭೂಕಂಪದಲ್ಲಿ ಪಿಲ್ಲರಿನ ಹೊರಮೈ ಕಾಂಕ್ರೀಟು ಉದುರುವುದು ಸಹಜ. ಆಮೇಲೆ ಒಳಗಿನ ಕಾಂಕ್ರೀಟನ್ನು ಹಿಡಿದಿಡುವುದು ರಿಂಗು ಮಾತ್ರ. ಅದರ ಕೊಕ್ಕೆ 90 ಡಿಗ್ರಿಗೆ ಬಗ್ಗಿದ್ದರೆ ಆಗಲೇ ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿಗೆ ಬಗ್ಗಿ, ತುದಿ ಕನಿಷ್ಠ 65 ಮಿಲಿಮೀಟರ್ ಒಳಗೆ ಹೋಗಿದ್ದರೆ ನಿಲ್ಲುತ್ತದೆ. ಪಿಲ್ಲರಿನ ಮೇಲ್ತುದಿ ಕೆಳತುದಿಗಳಲ್ಲಿ ರಿಂಗುಗಳ ಅಂತರ 100 ಮಿಲಿಮೀಟರ್ ಮೀರಬಾರದು. ಇದೆಲ್ಲ ಭೂಕಂಪಕ್ಕೆ ಕಂಬಿ ಕಟ್ಟುವ ಮಾನಕ ಐಎಸ್ 13920ರಲ್ಲಿದೆ. ಒಮ್ಮೆ ಒಂದು ಸೈಟಿನಲ್ಲಿ ನಾನು ನಕ್ಷೆಯಲ್ಲಿ ಸರಿಯಾಗಿ ಬರೆದುಕೊಟ್ಟಿದ್ದೆ. ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲ ಕೊಕ್ಕೆಗಳೂ 90 ಡಿಗ್ರಿ, ಬೇಗ ಮುಗಿಯಲಿ ಅಂತ. ಲಾರಿ ಬಂದು ನಿಂತಿತ್ತು. ವಾಪಸ್ ಕಳಿಸಿದೆವು. ಮನೆಯವರಿಗೆ ಸಿಟ್ಟು ಬಂತು, ಆದರೆ ಆ ದಿನದ ನಿರ್ಧಾರ ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ.

ಎರಡನೆಯದು, ಅಗಲ. ಗೋಡೆಯೊಳಗೆ ಪಿಲ್ಲರ್ ಮುಚ್ಚಿಹೋಗಲಿ ಅಂತ ಎಲ್ಲರೂ 9 ಇಂಚಿನ ಪಿಲ್ಲರ್ ಕೇಳುತ್ತಾರೆ. 2016ರ ಐಎಸ್ 13920 ಕೇಳುವುದು ಕನಿಷ್ಠ 300 ಮಿಲಿಮೀಟರ್, ಅಂದರೆ 12 ಇಂಚು. ವಲಯ 3ರಲ್ಲಿ ಇದನ್ನು ಪಾಲಿಸಲೇಬೇಕು. ವಲಯ 2ರಲ್ಲಿ ಕಾನೂನಿನ ಒತ್ತಾಯ ಇಲ್ಲ. ಆದರೂ ಪಾಲಿಸಿ. ಮೂಲೆಯಲ್ಲಿ ಮೂರಿಂಚು ಕಂಡರೆ ಏನಾಗುತ್ತದೆ?

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಕೆಳಗಿನ ಪಾರ್ಕಿಂಗ್. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ನೂರಕ್ಕೂ ಜಾಸ್ತಿ ಬಹುಮಹಡಿ ಕಟ್ಟಡಗಳು ಬಿದ್ದವು. ಬಿದ್ದವುಗಳಲ್ಲಿ ಎಷ್ಟೋ ಕಟ್ಟಡಗಳ ಕೆಳ ಅಂತಸ್ತು ಖಾಲಿ, ಮೇಲೆಲ್ಲ ಗೋಡೆ. ಮೇಲಿನ ಅಂತಸ್ತುಗಳು ಗೋಡೆಗಳಿಂದ ಬಿಗಿಯಾಗಿ ಒಂದು ಡಬ್ಬದಂತೆ ಅಲ್ಲಾಡುತ್ತವೆ, ಬಾಗುವ ಕೆಲಸವೆಲ್ಲ ಕೆಳಗಿನ ನಾಲ್ಕಾರು ಪಿಲ್ಲರುಗಳ ಪಾಲಿಗೆ ಬರುತ್ತದೆ, ಅವು ಎಷ್ಟು ಅಂತ ತಡೆದಾವು? 2002ರ ನಿಯಮ ಅಂಥ ಅಂತಸ್ತಿನ ಪಿಲ್ಲರು ಬೀಮುಗಳನ್ನು ಎರಡೂವರೆ ಪಟ್ಟು ಬಲಕ್ಕೆ ಲೆಕ್ಕ ಹಾಕಿ ಅಂದಿತು. ಪಾರ್ಕಿಂಗ್ ಬೇಕೇ ಬೇಕು ಅಂದರೆ ಎರಡೂ ದಿಕ್ಕಿಗೆ ಒಂದೆರಡಾದರೂ ಕಾಂಕ್ರೀಟ್ ಗೋಡೆ ಹಾಕಿಸಿ. ಒಂದು ಕಾರಿನ ಜಾಗ ಕಡಿಮೆ ಆಗಬಹುದು.

ಕಂಬಿಯ ಬಗ್ಗೆ ಒಂದು ಮಾತು. ದೊಡ್ಡ ನಂಬರಿನ ಕಂಬಿ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ಭೂಕಂಪಕ್ಕೆ ಮುಖ್ಯ ಕಂಬಿ ತುಂಡಾಗುವ ಮುಂಚೆ ಎಷ್ಟು ಹಿಗ್ಗುತ್ತದೆ ಅನ್ನುವುದು. ಎಫ್‌ಇ 500 ಅನ್ನುವ ದರ್ಜೆಯ ಕಂಬಿ ಕನಿಷ್ಠ 12% ಹಿಗ್ಗಬೇಕು, 500ಡಿ 16%. ಆ "ಡಿ" ಅಕ್ಷರ ಕೇಳಿ ತೆಗೆದುಕೊಳ್ಳಿ.

ಪೂರ್ತಿ ಕಾಂಕ್ರೀಟ್ ಗೋಡೆ, ಮತ್ತು ರಬ್ಬರಿನ ಮೇಲೆ ಕೂತ ಕಟ್ಟಡ

ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ಈಗ ಮೈವಾನ್ ಕಟ್ಟಡಗಳು ಜಾಸ್ತಿ ಸಿಗುತ್ತವೆ, ಗೋಡೆ ಸ್ಲ್ಯಾಬ್ ಎಲ್ಲ ಒಟ್ಟಿಗೆ ಸುರಿದದ್ದು. ಭೂಕಂಪದ ಲೆಕ್ಕದಲ್ಲಿ ಪಾರ್ಕಿಂಗಿಗೆ ಕೆಳ ಅಂತಸ್ತು ಖಾಲಿ ಬಿಟ್ಟ ಪಿಲ್ಲರ್ ಕಟ್ಟಡಕ್ಕಿಂತ ನಾನು ಇದನ್ನೇ ಆರಿಸುತ್ತೇನೆ. ಚಿಲಿಯಲ್ಲಿ ಎತ್ತರದ ಕಟ್ಟಡಗಳು ಹೆಚ್ಚಾಗಿ ಕಾಂಕ್ರೀಟ್ ಗೋಡೆಯವೇ, 2010ರಲ್ಲಿ ಬಹುಪಾಲು ನಿಂತವು. ಗೋಡೆ ತೀರಾ ತೆಳುವಾದ ಕಡೆ ಬುಡ ಜಜ್ಜಿಹೋಯಿತು. ಕೊನ್ಸೆಪ್ಸಿಯೋನ್ ಊರಿನಲ್ಲಿ 15 ಅಂತಸ್ತಿನ ಒಂದು ಕಟ್ಟಡ ಉರುಳಿಯೇ ಬಿತ್ತು. ಹಾಗಾಗಿ ಮೈವಾನ್ ಅಂದ ತಕ್ಷಣ ಒಪ್ಪದೆ, ಮೇಲಿನ ಗೋಡೆಗಳು ಪಾರ್ಕಿಂಗ್ ಮಟ್ಟಕ್ಕೂ ಇಳಿದು ಬಂದಿವೆಯಾ ಅಂತ ಕೆಳಗೆ ಹೋಗಿ ನೋಡಿ.

ಬೇಸ್ ಐಸೊಲೇಶನ್ ಮನೆಗೆ ಬೇಕಿಲ್ಲ. ಆದರೆ ಊರಿನ ಆಸ್ಪತ್ರೆಗೆ ಬೇಕು, ಅದಕ್ಕೇ ಹೇಳುತ್ತಿದ್ದೇನೆ. ಸೀಸ ತುಂಬಿದ ರಬ್ಬರ್ ದಿಂಬುಗಳ ಮೇಲೆ ಕಟ್ಟಡ ಕೂರಿಸುತ್ತಾರೆ. ನೆಲ ಬೇಗ ಬೇಗ ಅಲ್ಲಾಡಿದರೂ ಕಟ್ಟಡ ನಿಧಾನವಾಗಿ ತೂಗುತ್ತದೆ. ಲಾಸ್ ಏಂಜಲೀಸ್ ಹತ್ತಿರದ ಆಲಿವ್ ವ್ಯೂ ಆಸ್ಪತ್ರೆ 1971ರ ಭೂಕಂಪದಲ್ಲಿ ಹಾಳಾಯಿತು. ತುಂಬ ಬಿಗಿಯಾದ ಗೋಡೆಗಳಿಂದ ಮತ್ತೆ ಕಟ್ಟಿದರು. 1994ರ ನಾರ್ತ್‌ರಿಜ್ ಭೂಕಂಪದಲ್ಲಿ ಕಟ್ಟಡಕ್ಕೆ ಏನೂ ಆಗಲಿಲ್ಲ, ಆದರೆ ಒಳಗೆ ನೀರಿನ ಪೈಪುಗಳು ಒಡೆದು ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು. ಅದೇ ದಿನ, ರಬ್ಬರಿನ ಮೇಲೆ ಕೂತಿದ್ದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆ ತನ್ನ ಕೆಲಸ ಮುಂದುವರಿಸಿತು. ಭುಜ್‌ನಲ್ಲಿ 2001ರಲ್ಲಿ ಕುಸಿದ ಜಿಲ್ಲಾ ಆಸ್ಪತ್ರೆಯ ಜಾಗದಲ್ಲಿ ಈಗಿರುವುದೂ ಇಂಥದ್ದೇ ಕಟ್ಟಡ.

ನಾನಾದರೆ ಏನು ಕಟ್ಟಿಸುತ್ತೇನೆ

ಒಂದಂತಸ್ತು, ಹಳ್ಳಿಯಲ್ಲಿ, ಗೌಂಡಿ ಇಟ್ಟಿಗೆ ಕೆಲಸ ಚೆನ್ನಾಗಿ ಬಲ್ಲವನು: ಪಟ್ಟಿ ಹಾಕಿದ ಗೋಡೆ ಮನೆ. ಎರಡಂತಸ್ತು, ಪಾರ್ಕಿಂಗ್ ಪಕ್ಕದಲ್ಲಿ ಬಿಡಲು ಜಾಗ ಇದೆ: ಕಟ್ಟು ಹಾಕಿದ ಗೋಡೆ, ಎರಡು ಯೋಚನೆ ಇಲ್ಲದೆ. ಮೂರು ನಾಲ್ಕು ಅಂತಸ್ತು, ಕೆಳಗೆ ಕಾರು: ಪಿಲ್ಲರ್ ಮನೆಯೇ ಗತಿ, ಆದರೆ ಕಾಂಕ್ರೀಟ್ ಗೋಡೆ ಸೇರಿಸಿ, ಮತ್ತು ಕಂಬಿ ಕಟ್ಟಿದ ಮೇಲೆ ಕಾಂಕ್ರೀಟಿಗೆ ಮುಂಚೆ ಒಬ್ಬ ಎಂಜಿನಿಯರನ್ನು ಕರೆಸಿ ರಿಂಗು ನೋಡಿಸಿ. ಕೆಟ್ಟದಾಗಿ ಕಟ್ಟಿದ ಪಿಲ್ಲರ್ ಮನೆಗಿಂತ ಚೆನ್ನಾಗಿ ಕಟ್ಟಿದ ಗೋಡೆ ಮನೆಯಲ್ಲಿ ನನ್ನ ಮಕ್ಕಳನ್ನು ಮಲಗಿಸುತ್ತೇನೆ.

ಇನ್ನು ಬೀದರ್, ಕಲಬುರಗಿ, ವಿಜಯಪುರ ಕಡೆ ಹಳೆಯ ಕಲ್ಲಿನ ಮನೆಗಳಲ್ಲಿ ಇನ್ನೂ ಜನ ಇದ್ದಾರೆ. ಹೊಸದು ಕಟ್ಟಿಸಿ ಅಂತ ಸುಮ್ನೆ ಹೇಳಿದರೆ ಆಗುವುದಿಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ತೂತು ಕೊರೆದು, ಕೊಕ್ಕೆ ಕಂಬಿ ಇಟ್ಟು ಕಾಂಕ್ರೀಟ್ ತುಂಬಿದರೆ ಒಳಪದರ ಹೊರಪದರ ಎರಡನ್ನೂ ಹಿಡಿದುಕೊಳ್ಳುತ್ತದೆ. ಜಂತಿಯ ಕೆಳಗೆ ಮರದ ಕಂಬ ಕೊಟ್ಟಿದ್ದರೆ ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಗೋಡೆ ಬಿದ್ದರೂ ಮಾಳಿಗೆಯನ್ನು ಅದು ಹೊತ್ತು ನಿಲ್ಲಬಹುದು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರದಿರಲಿ ಅಂತ ಹೊಸ ಮಣ್ಣು ಹಾಕುತ್ತೀರಲ್ಲ, ಈ ವರ್ಷ ಹಾಕುವ ಮುಂಚೆ ಹಳೆಯ ಮಣ್ಣನ್ನು ಕೆರೆದು ಕೆಳಗಿಳಿಸಿ. ಅದಕ್ಕೆ ಬೇಕಾದ್ದು ಒಂದು ಗುದ್ದಲಿ, ಒಂದು ಬುಟ್ಟಿ, ಇಬ್ಬರು ಆಳು.